ಒಂದು ಪಟ್ಟನ್ನಾದರೂ ಬಚ್ಚಿಟ್ಟುಕೊಳ್ಳಬೇಕಲ್ವಾ?

ನಾನು ಜೂಡೋ ಕಲಿಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳೋದು ಇದನ್ನೇ: "ಎಲ್ಲಾ ಕಲಿಸಿಬಿಡ್ತೀರಾ? ಒಂದಾದರೂ ನಿಮ್ಮ ಹತ್ತಿರ ಇಟ್ಟುಕೊಳ್ಳಲ್ವಾ?" ಹಿಂದೆಯೇ ಬೆಕ್ಕಿನ ಕಥೆ ಬರುತ್ತದೆ. ಹುಲಿಗೆ ಎಲ್ಲಾ ವಿದ್ಯೆ ಹೇಳಿಕೊಟ್ಟ ಬೆಕ್ಕು ಮರ ಹತ್ತೋದನ್ನು ಮಾತ್ರ ಹೇಳಿಕೊಡಲಿಲ್ಲವಂತೆ, ಅದಕ್ಕೇ ಬದುಕಿತಂತೆ.

ಇಲ್ಲ, ನಾನು ಏನೂ ಇಟ್ಟುಕೊಳ್ಳಲ್ಲ. ಇದು ದೊಡ್ಡ ಮನಸ್ಸಿನ ಮಾತಲ್ಲ. ಬಚ್ಚಿಟ್ಟರೆ ಮೊದಲ ನಷ್ಟ ನನಗೇ.

ನನ್ನ ಇಷ್ಟದ ಎಸೆತ ಓಸೋತೋ ಗಾರಿ. ಎದುರಾಳಿಯ ಬಲತೋಳನ್ನು ನನ್ನ ಸೊಂಟದ ಕಡೆಗೆ ಎಳೆಯಬೇಕು. ಇನ್ನೊಂದು ಕೈಯಿಂದ ಕಾಲರ್ ಒತ್ತಿ ಅವರ ಭಾರವನ್ನು ಬಲ ಹಿಮ್ಮಡಿ ಮೇಲೆ ತರಬೇಕು. ನನ್ನ ಎಡಗಾಲು ಅವರ ಬಲಪಾದದ ಪಕ್ಕಕ್ಕೆ ಬರಬೇಕು. ಆಮೇಲೆ ಬಲಗಾಲು ಬೀಸಿ ಅವರ ಕಾಲನ್ನು ಹಿಂದಿನಿಂದ ಕಿತ್ತರೆ ಆಯಿತು. ನೋಡೋಕೆ ಸುಲಭ. ಆದರೆ ಎದೆಗೆ ಎದೆ ತಾಗದೆ ಕಾಲು ಮಾತ್ರ ಮುಂದೆ ಹೋದರೆ ನನ್ನ ಭಾರವೇ ಹಿಂದಕ್ಕೆ ವಾಲುತ್ತದೆ. ಆ ಅರೆಕ್ಷಣ ಸಾಕು, ಅದೇ ಎಸೆತವನ್ನು ಅವರು ನನ್ನ ಮೇಲೆ ತಿರುಗಿಸಿಬಿಡಬಹುದು.

ಈ ಗುಟ್ಟನ್ನು ಎಲ್ಲ ಶಿಷ್ಯರಿಗೂ ಹೇಳಿದ್ದೇನೆ. ಈಗ ನಾನು ಎಡಗಾಲು ಇಡುವಷ್ಟರಲ್ಲೇ ಅವರ ಬಲಗಾಲು ಹಿಂದೆ ಸರಿದಿರುತ್ತದೆ, ಪಾಪ ಎಷ್ಟು ಖುಷಿ ಅವರಿಗೆ! ಹಾಗಾಗಿ ನಾನು ಬೇರೆ ದಾರಿ ಹುಡುಕಬೇಕಾಯಿತು. ಮೊದಲು ಅವರ ಎಡಗಾಲನ್ನು ಒಳಗಿನಿಂದ ಕೀಳುವ ಓಉಚಿ ಗಾರಿಗೆ ಹೋದ ಹಾಗೆ ಮಾಡೋದು. ಅವರು ಆ ಕಾಲು ಎತ್ತಿಕೊಂಡಾಗ ಭಾರವೆಲ್ಲ ಬಲಗಾಲಿಗೆ ಬರುತ್ತದೆ, ಆಗ ಓಸೋತೋ. ಗುಟ್ಟು ಬಚ್ಚಿಟ್ಟಿದ್ದರೆ ನನ್ನ ಎಸೆತ ಇವತ್ತಿಗೂ ಅಲ್ಲೇ ನಿಂತಿರುತ್ತಿತ್ತು.

ಬಚ್ಚಿಡುವ ಪದ್ಧತಿ ಹಿಂದೆ ಇತ್ತು, ನಿಜ. ಜೂಡೋಗೆ ಮೂಲವಾದ ಕಾಳಗ ವಿದ್ಯೆ ಜುಜುತ್ಸು. ಜಪಾನಿನ ಹಳೆಯ ಜುಜುತ್ಸು ಶಾಲೆಗಳಲ್ಲಿ ಕೊನೆಯ ಪಾಠಗಳು ಆಯ್ದ ಕೆಲವರಿಗೆ ಮಾತ್ರ ಸಿಗುತ್ತಿದ್ದವು. ಅಂಥ ಶಾಲೆಗಳಲ್ಲೇ ಕಲಿತು ಜೂಡೋ ಹುಟ್ಟುಹಾಕಿದ ಜಿಗೋರೋ ಕಾನೋ 1882ರಲ್ಲಿ ಕೊಡೋಕಾನ್ ಅನ್ನೋ ತಮ್ಮ ಜೂಡೋ ಶಾಲೆ ತೆರೆದರು. ಮುಂದೆ ಅಲ್ಲಿ ಎಸೆತಗಳನ್ನು ಐದು ಗುಂಪು ಮಾಡಿ ಪಾಠದ ಪಟ್ಟಿಯನ್ನೇ ಎಲ್ಲರ ಮುಂದಿಟ್ಟರು. 1920ರ ಪಟ್ಟಿಯಲ್ಲಿ ಗುಂಪಿಗೆ 8ರಂತೆ 40 ಎಸೆತಗಳಿವೆ. ನನಗೆ ಇನ್ನೂ ಇಷ್ಟವಾಗೋದು 1922ರ ಸಂಗತಿ. ಓಕಿನಾವಾದಿಂದ ಟೋಕಿಯೋಗೆ ಬಂದಿದ್ದ ಕರಾಟೆ ಗುರು ಗಿಚಿನ್ ಫುನಾಕೋಶಿಯವರನ್ನು ಕಾನೋ ತಮ್ಮ ಕೊಡೋಕಾನ್‌ಗೇ ಕರೆಸಿ ಕರಾಟೆ ಪ್ರದರ್ಶನ ಮಾಡಿಸಿದರು. ಕಾನೋಗೆ ಆಗ 60 ದಾಟಿತ್ತು. ಬೇರೆ ವಿದ್ಯೆಯವನನ್ನು ತನ್ನ ಶಿಷ್ಯರ ಮುಂದೆ ನಿಲ್ಲಿಸಲು ಎಷ್ಟು ಧೈರ್ಯ ಬೇಕು, ಅಲ್ವಾ?

ಹಾಗಂತ ಎಲ್ಲವನ್ನೂ ಎಲ್ಲರಿಗೂ ಮೊದಲ ದಿನವೇ ಸುರಿಯಲ್ಲ. ಕತ್ತು ಅದುಮುವ ಪಟ್ಟು, ಮೊಣಕೈ ಲಾಕ್ ಇವೆಲ್ಲ ಚಿಕ್ಕ ಮಕ್ಕಳಿಗೆ ಬೇಡ. ಅದು ಬಚ್ಚಿಡೋದಲ್ಲ, ಸರದಿ. ಯಾರೇ ಬಂದರೂ ಮೊದಲು ಬೀಳೋದನ್ನು ಕಲಿಸುತ್ತೇನೆ: ಗದ್ದ ಎದೆಗೆ ಒತ್ತಿಕೊಂಡಿರಬೇಕು, ತಲೆ ನೆಲಕ್ಕೆ ತಾಗಬಾರದು, ಬಿದ್ದಾಗ ಕೈಚಾಚಿ ಊರಬಾರದು, ಇಡೀ ತೋಳಿನಿಂದ ಮ್ಯಾಟಿಗೆ ಬಡಿಯಬೇಕು. ಇದು ಬಾರದವರಿಗೆ ಎಸೆತ ಕಲಿಸೋದು ಉದಾರತೆ ಅಲ್ಲ, ಬೇಜವಾಬ್ದಾರಿ.

"ಎಲ್ಲಾ ವಿಡಿಯೋದಲ್ಲೇ ಸಿಗುತ್ತಲ್ಲ, ನೀವ್ಯಾಕೆ?" ಅಂತಲೂ ಕೆಲವರು ಕೇಳುತ್ತಾರೆ. ಸಿಗುತ್ತದೆ, ನಾನೂ ನೋಡುತ್ತೇನೆ. ಆದರೆ ನಿಮ್ಮ ಮೊಣಕೈ ಎರಡು ಬೆರಳಷ್ಟು ಮೇಲೆದ್ದಿದೆ ಅಂತ ವಿಡಿಯೋ ಹೇಳಲ್ಲ. ಪಟ್ಟು ಗೊತ್ತಾಗೋದು ಐದು ನಿಮಿಷದ ಕೆಲಸ. ಅದು ಮೈಗೆ ಹತ್ತೋಕೆ ವರ್ಷಗಳು ಬೇಕು, ಆ ವರ್ಷಗಳನ್ನು ಯಾರೂ ಯಾರಿಂದಲೂ ಕದಿಯೋಕಾಗಲ್ಲ. ಮತ್ತೆ ಭಯ ಯಾತಕ್ಕೆ?

ಇನ್ನು "ಶಿಷ್ಯರು ಬೇರೆ ಕಡೆ ಹೋಗಿಬಿಟ್ಟರೆ?" ಅನ್ನೋ ಪ್ರಶ್ನೆ. ಹೋಗಲಿ. ನೆಲದ ಮೇಲಿನ ಪಟ್ಟುಗಳನ್ನು ನನಗಿಂತ ಚೆನ್ನಾಗಿ ಕಲಿಸುವವರು ಇದ್ದರೆ ನಾನೇ ಫೋನ್ ಮಾಡಿ ಅವರ ಹತ್ತಿರ ಕಳಿಸುತ್ತೇನೆ. ಕಲಿತು ಬಂದ ಮೇಲೆ ಅದನ್ನು ನಮಗೂ ಹೇಳಿಕೊಡಬೇಕು, ಷರತ್ತು ಅಷ್ಟೇ. ಆ ದಿನ ಮ್ಯಾಟಿನ ಮೇಲೆ ಶಿಷ್ಯರ ಸಾಲಿನಲ್ಲಿ ನಾನೂ ಕೂತಿರುತ್ತೇನೆ.