ಸೋಲಾರ್ ಕೇಬಲ್ ನೇತಾಡಬಾರದು

ಪ್ಯಾನೆಲ್ ಅಡಿಯಲ್ಲಿ ಕೇಬಲ್ ಜೋತುಬಿದ್ದಿದ್ದರೆ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ. ಗಾಳಿಗೆ ಅದು ಪ್ಯಾನೆಲ್ ಕೂರಿಸಿದ ಲೋಹದ ರೇಲಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆಯುತ್ತದೆ. ಮಳೆ ಹಿಡಿದಾಗ ಇನ್ವರ್ಟರ್ ಅರ್ಥ್ ಫಾಲ್ಟ್ (ಕರೆಂಟ್ ನೆಲಕ್ಕೆ ಸೋರುವ ದೋಷ) ತೋರಿಸಿ ನಿಲ್ಲುತ್ತದೆ. ಬಿಳಿ ನೈಲಾನ್ ಟೈ ಬೇಡವೇ ಬೇಡ, ಬಿಸಿಲಿಗೆ ಒಣಗಿ ಪಟಪಟನೆ ಮುರಿಯುತ್ತದೆ. ಫ್ರೇಮಿಗೆ ಸಿಕ್ಕಿಸುವ ಸ್ಟೀಲ್ ಕ್ಲಿಪ್ಪೇ ಹಾಕಿ.

ಮನೆಯ ಸ್ಟ್ರಿಂಗಿಗೆ, ಅಂದರೆ ಒಂದಕ್ಕೊಂದು ಜೋಡಿಸಿದ ಪ್ಯಾನೆಲ್‌ಗಳ ಸಾಲಿಗೆ, ಸಾಮಾನ್ಯವಾಗಿ 4 ಚದರ ಮಿ.ಮೀ. ಡಿಸಿ ಕೇಬಲ್ ಸಾಕು. ಪ್ಲಸ್, ಮೈನಸ್ ಎರಡನ್ನೂ ಜೊತೆಯಾಗಿಯೇ ಎಳೆಯಿರಿ. ನಡುವೆ ಅಗಲ ಬಿಟ್ಟಷ್ಟೂ ಹತ್ತಿರದ ಸಿಡಿಲಿಗೆ ಸರ್ಜ್ (ದಿಢೀರ್ ಏರುವ ವೋಲ್ಟೇಜ್) ಹೆಚ್ಚು.

ಬೆಂಕಿಯ ಭಯ ಇರುವುದು ಕನೆಕ್ಟರಿನಲ್ಲಿ. ಎಂಸಿ4 ಅನ್ನುವ ಸೋಲಾರ್ ಕನೆಕ್ಟರಿನ ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು ಆಗಬಾರದು. ಪಿನ್ನನ್ನು ಕಟಿಂಗ್ ಪ್ಲೇಯರಿನಲ್ಲಿ ಒತ್ತಿದರೆ ಹಿಡಿತ ಸಡಿಲವಾಗಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ, ಎಳೆದು ನೋಡಿ. ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡದೆ ಕನೆಕ್ಟರ್ ಬಿಚ್ಚಲೇಬೇಡಿ.