ಖಿನ್ನತೆಯ ಪ್ರಶ್ನಾವಳಿಯನ್ನು ಇಗ್ಬೋಗೆ ಅನುವಾದಿಸಿದರೆ ಸಾಲದೇ?

ನೈಜೀರಿಯಾದ ಆಗ್ನೇಯ ಭಾಗದ ಇಗ್ಬೋ ಭಾಷಿಕ ಹಿರಿಯರು ಮತ್ತು ಅವರ ಖಿನ್ನತೆಯ ಬಗ್ಗೆ ಬರೆದಾಗಲೆಲ್ಲ ನನಗೆ ಬರುವ ಪ್ರಶ್ನೆ ಇದು: "ಖಿನ್ನತೆ ಇರಬಹುದೇ ಎಂದು ಮೊದಲ ಹಂತದಲ್ಲಿ ಪತ್ತೆಹಚ್ಚುವ ಪ್ರಶ್ನಾವಳಿಗಳು ಇಂಗ್ಲಿಷಿನಲ್ಲಿ ಹೇಗೂ ಇವೆ. ಒಬ್ಬರಿಂದ ಇಗ್ಬೋಗೆ ಅನುವಾದ ಮಾಡಿಸಿ, ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿದರೆ ಆಯಿತಲ್ಲ?"

ಅನುವಾದ ಬೇಕೇ ಬೇಕು. ಆದರೆ ನಿಜವಾದ ತೊಡಕು ಶುರುವಾಗುವುದು ಅನುವಾದ ಸರಿಯಾಗಿ ಮುಗಿದ ಮೇಲೆ.

ಹಿರಿಯರಿಗೆಂದೇ ಮಾಡಿದ್ದು ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೆರೋಮ್ ಯೆಸಾವೇಜ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. ಮೊದಲು 30 ಪ್ರಶ್ನೆಗಳಿದ್ದವು, 1986ರಲ್ಲಿ 15ರ ಚಿಕ್ಕ ರೂಪ ಬಂತು. ಹೌದು ಅಥವಾ ಇಲ್ಲ ಅಂದರೆ ಸಾಕು. ನಿದ್ದೆಗೆಡುವುದು, ಮೈಕೈ ನೋವು ಇಂಥವನ್ನು ಅವರು ಬೇಕೆಂದೇ ಕೈಬಿಟ್ಟರು, ಯಾಕೆಂದರೆ ಎಪ್ಪತ್ತು ದಾಟಿದವರಿಗೆ ಇವು ಖಿನ್ನತೆ ಇಲ್ಲದೆಯೂ ಇರುತ್ತವೆ. ಒಪ್ಪುವಂಥ ಮಾತೇ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1982ರಲ್ಲಿ, ಇಗ್ಬೋ ನಾಡಿನ ಎನುಗುವಿನಲ್ಲಿ ಪೀಟರ್ ಎಬಿಗ್ಬೊ ಎಂಬ ಮನಃಶಾಸ್ತ್ರಜ್ಞರು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದ್ದರು. ದೇಹದ ದೂರುಗಳನ್ನೇ ಒಟ್ಟುಮಾಡಿ ಮಾನಸಿಕ ತೊಂದರೆ ಗುರುತಿಸುವ ಅಳತೆಗೋಲು ಅವರದು. ತಲೆಯೊಳಗೆ ಬಿಸಿ ಏರುವುದು, ಮೈಯಲ್ಲಿ ಏನೋ ಹರಿದಾಡಿದಂತಾಗುವುದು: ಅಲ್ಲಿನ ರೋಗಿಗಳು ಮನಸ್ಸಿನ ಸಂಕಟ ಹೇಳಿಕೊಳ್ಳುತ್ತಿದ್ದುದೇ ಹೀಗೆ. ಈಗ ಎನುಗುವಿನ ಎಪ್ಪತ್ತೈದರ ಅಜ್ಜಿಗೆ ಯಾವುದನ್ನು ಹಿಡಿಯೋಣ? ದೇಹದ ಮಾತನ್ನೇ ಬಿಟ್ಟರೆ ಆಕೆ ತನ್ನ ಕಷ್ಟ ಹೇಳಿಕೊಳ್ಳುವ ದಾರಿ ಮುಚ್ಚುತ್ತದೆ, ಎಲ್ಲವನ್ನೂ ಸೇರಿಸಿದರೆ ಮಂಡಿನೋವು ಇದ್ದವರೆಲ್ಲ ಖಿನ್ನರ ಪಟ್ಟಿಗೆ ಬೀಳುತ್ತಾರೆ. ಮಂಡಿನೋವಿನಿಂದ ತಲೆಯ ಬಿಸಿಯನ್ನು ಬೇರ್ಪಡಿಸಬೇಕು. ಖಿನ್ನತೆ ಇರುವ, ಇಲ್ಲದ ಎರಡೂ ಬಗೆಯ ಹಿರಿಯರನ್ನು ಕೇಳಿ ನೋಡದೆ ಕುಳಿತಲ್ಲೇ ತೀರ್ಮಾನಿಸುವ ವಿಷಯ ಇದಲ್ಲ.

ಇನ್ನು ಉತ್ತರ ಬರುವ ಬಗೆ. ಜೀರಿಯಾಟ್ರಿಕ್ ಸ್ಕೇಲಿನ ಆ 15ರಲ್ಲಿ 5 ಪ್ರಶ್ನೆಗಳು ತಿರುವುಮುರುವು: ಬದುಕು ತೃಪ್ತಿ ಕೊಟ್ಟಿದೆಯೇ, ಹೆಚ್ಚಿನ ಹೊತ್ತು ಸಂತೋಷವಾಗಿರುತ್ತೀರಾ, ಬದುಕಿರುವುದೇ ಚೆಂದ ಅನಿಸುತ್ತದೆಯೇ, ಹೀಗೆ. ಉಳಿದವಕ್ಕೆ 'ಹೌದು' ಅಂದರೆ ಖಿನ್ನತೆಯ ಕಡೆಗೆ ಒಂದು ಅಂಕ, ಇವಕ್ಕೆ 'ಇಲ್ಲ' ಅಂದರೆ ಮಾತ್ರ ಅಂಕ. ಇಗ್ಬೋ ಹಿರಿಯರಲ್ಲಿ ಬಹುಪಾಲು ಜನ ಚರ್ಚಿಗೆ ನಡೆದುಕೊಳ್ಳುವವರು. ಬದುಕಿರುವುದು ಚೆಂದ ತಾನೇ ಎಂದು ಕೇಳಿದರೆ ದೇವರಿಗೆ ಸ್ತೋತ್ರ ಹೇಳದೆ ಇರುತ್ತಾರೆಯೇ? ಮನಸ್ಸು ಎಷ್ಟೇ ಕುಸಿದಿದ್ದರೂ 'ಇಲ್ಲ' ಅನ್ನುವುದು ಕೃತಘ್ನತೆ. ಇನ್ನೊಂದು ಪ್ರಶ್ನೆ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರಲು ಇಷ್ಟವೇ ಎಂದು. 2021ರ ಆಗಸ್ಟಿನಲ್ಲಿ ಪ್ರತ್ಯೇಕತಾವಾದಿಗಳು ಸೋಮವಾರದ ಬಂದ್‌ಗೆ ಕರೆ ಕೊಟ್ಟಾಗಿನಿಂದ ಆ ಭಾಗದಲ್ಲಿ ಜನ ಭಯಕ್ಕೆ ಬಾಗಿಲು ಹಾಕಿಕೊಂಡು ಕೂತಿದ್ದುಂಟು. ಅಂಥ ಕಡೆ ಹಿರಿಯರೊಬ್ಬರು 'ಹೌದು, ಮನೆಯೇ ವಾಸಿ' ಅಂದರೆ ಅದು ವಿವೇಕ. ಹಾಳೆಯ ಮೇಲೆ ಮಾತ್ರ ಒಂದು ಅಂಕ.

ಬೇರೆ ಪ್ರಶ್ನಾವಳಿ ಹಿಡಿದರೂ ಪಾರಾಗುವುದಿಲ್ಲ. ಎಲ್ಲೆಡೆ ಬಳಸುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 'ಕಳೆದ ಎರಡು ವಾರದಲ್ಲಿ' ಎಂದು ಕೇಳುತ್ತದೆ. ಇಗ್ಬೋ ಸಂತೆಯ ವಾರಕ್ಕೆ ನಾಲ್ಕೇ ದಿನ: ಎಕೆ, ಓರಿಯೆ, ಆಫೊ, ಎನ್‌ಕ್ವೊ. ಹಳ್ಳಿಯ ಹಿರಿಯರು ಎರಡು ವಾರವೆಂದರೆ ಎಂಟು ದಿನ ಎಂದುಕೊಂಡರೆ ಅದು ಅವರ ತಪ್ಪಲ್ಲ. ಚರ್ಚಿನ ವಾರ ಎಂದು ಬಿಡಿಸಿ ಹೇಳಬೇಕು. ಆ ಪ್ರಶ್ನಾವಳಿಯ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಕೇಳಿದ್ದೇ ತಡ 'ತುಫಿಯಾಕ್ವಾ!' ಎಂದು ತಲೆಯ ಸುತ್ತ ಕೈ ಆಡಿಸಿ ಚಿಟಿಕೆ ಹೊಡೆದು ಮಾತನ್ನು ಆಚೆ ತಳ್ಳುತ್ತಾರೆ, ನಮ್ಮಲ್ಲಿ 'ಬಿಡ್ತು ಅನ್ನು' ಅನ್ನುವ ಹಾಗೆ. ಆತ್ಮಹತ್ಯೆ ಭೂಮಿತಾಯಿ ಆಲಾಗೆ ಬಗೆದ ಅಪಚಾರ ಎಂಬುದು ಹಳೆಯ ನಂಬಿಕೆ. ಮೇಲಾಗಿ ನೈಜೀರಿಯಾದ ಕ್ರಿಮಿನಲ್ ಕೋಡಿನ 327ನೇ ಕಲಂ ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗಿನ ಸೆರೆವಾಸ ಹೇಳುತ್ತ ಬಂದಿದೆ. ಓದಲು ಬಾರದ ಹಿರಿಯರಿಗೆ ಇದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕು, ಸೊಸೆ ಅಲ್ಲೇ ಬಾಗಿಲಲ್ಲಿ ನಿಂತಿರುತ್ತಾಳೆ. ಕೇಳುವವರು ಯಾರು, ಯಾರ ಎದುರು ಕೇಳುತ್ತಾರೆ ಎಂಬುದೂ ಪ್ರಶ್ನಾವಳಿಯ ಭಾಗವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾಗಿ ನನ್ನ ಉತ್ತರ: ಅನುವಾದಿಸಿದ ಮೇಲೆ ಇಗ್ಬೋ ನಾಡಿನ ಬೇರೆಬೇರೆ ಕಡೆ, ಎನ್ಸುಕ್ಕಾದ, ಓವೆರ್ರಿಯ, ಅಬಾ ಸುತ್ತಲಿನ ಹಿರಿಯರಿಗೆ ಓದಿ ಹೇಳಿ, ಏನು ಅರ್ಥವಾಯಿತೆಂದು ಅವರ ಒಳನುಡಿಯಲ್ಲೇ ಹೇಳಿಸಬೇಕು. ಆಮೇಲೆ, ಅವರ ಅಂಕ ಗೊತ್ತಿಲ್ಲದ ಮನೋವೈದ್ಯರು ಇಗ್ಬೋದಲ್ಲೇ ಮಾತಾಡಿಸಿ ನೋಡಬೇಕು. ಎರಡನ್ನೂ ಎದುರುಬದುರು ಇಟ್ಟಾಗಷ್ಟೇ ಎಷ್ಟು ಅಂಕಕ್ಕೆ ಗೆರೆ ಎಳೆಯಬೇಕೆಂದು ತಿಳಿಯುವುದು. ಜೀರಿಯಾಟ್ರಿಕ್ ಸ್ಕೇಲಿನಲ್ಲಿ 15ಕ್ಕೆ 5 ದಾಟಿದರೆ ಗಮನಿಸಿ ಎನ್ನುವುದು ರೂಢಿ. ಸ್ತೋತ್ರದ ಉತ್ತರಗಳಿಂದಲೇ 5 ಅಂಕ ಕೈತಪ್ಪುವ ಕಡೆ ಉಳಿಯುವುದು 10 ಮಾತ್ರ. ಅಲ್ಲಿಗೂ ಅದೇ ಗೆರೆ ಸಾಕೆಂದು ಅನುವಾದಕರು ಹೇಗೆ ಹೇಳಬಲ್ಲರು?