ಉಸಿರಾಟ ಹೇಳಿಕೊಡುವ ಮೊದಲು ಶಿಫ್ಟ್ ಯಾವುದು ಅಂತ ಕೇಳಿ

ನಾನು ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗಲೇ ಹೋಲಿಸ್ಟಿಕ್ ಹೆಲ್ತ್, ಅಂದರೆ ಸಮಗ್ರ ಆರೋಗ್ಯದಲ್ಲೂ ಸ್ನಾತಕೋತ್ತರ ಪದವಿ ಮಾಡಿಕೊಂಡೆ. ಈ ಜೋಡಿ ಓದಿಗೆ ಸೇರಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ: ‘ಇದರಿಂದ ಯಾವ ಕೆಲಸ ಸಿಗುತ್ತೆ ಮೇಡಂ?’ ನನಗೆ ಸಿಕ್ಕಿದ್ದು ಎಂಎಸ್‌ಡಬ್ಲ್ಯೂ ಓದಿದವರಿಗೆ ಸಿಗುವ ಕೆಲಸವೇ. ಎರಡನೇ ಪದವಿಯ ಹೆಸರಿನಲ್ಲಿ ನಮ್ಮಲ್ಲಿ ಹುದ್ದೆ ಇಲ್ಲ, ಸಂಬಳವೂ ಅದಕ್ಕಾಗಿ ಏರಿಲ್ಲ. ಅದು ನೆರವಿಗೆ ಬರುವುದು ಒಬ್ಬರು ಎದುರಿಗೆ ಬಂದು ಕೂತಾಗ. ಮೊದಲು ಏನು ಕೇಳಬೇಕು, ಆಮೇಲೆ ಏನು ಅನ್ನುವುದರಲ್ಲಿ.

ಎರಡೂ ತರಗತಿಗಳಲ್ಲಿ ಜಾರ್ಜ್ ಎಂಗೆಲ್ ಹೆಸರು ಬರುತ್ತದೆ. ಕಾಯಿಲೆ ಅಂದರೆ ಬರೀ ದೇಹದ ಕೆಡುಕಲ್ಲ, ಮನಸ್ಸು ಮತ್ತು ಸುತ್ತಲಿನ ಬದುಕನ್ನೂ ಸೇರಿಸಿ ನೋಡಬೇಕು ಎಂದು 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ವೈದ್ಯ ಆತ. ಸಮಗ್ರ ಆರೋಗ್ಯದ ತರಗತಿ ಇದನ್ನು ದೇಹದ ಕಡೆಯಿಂದ ಹಿಡಿಯುತ್ತದೆ. ನಿದ್ದೆ, ಉಸಿರು, ನೋವು, ಒತ್ತಡ ಬಂದಾಗ ನರಮಂಡಲ ಏನು ಮಾಡುತ್ತದೆ, ಇಂಥವು. ಸಮಾಜಕಾರ್ಯದ ತರಗತಿ ಹಿಡಿಯುವುದು ಮನೆ ಬಾಗಿಲಿನ ಕಡೆಯಿಂದ. ಬಾಡಿಗೆ ಕಟ್ಟಿದ್ದಾರಾ, ಮನೆಯಲ್ಲಿ ದುಡಿಯುವವರು ಯಾರು, ಯಾವ ಸವಲತ್ತು ಬರಬೇಕಿತ್ತು, ಯಾಕೆ ಬಂದಿಲ್ಲ. ಪರೀಕ್ಷೆಯಲ್ಲಿ ಎರಡೂ ಕಡೆ ದೇಹ, ಮನಸ್ಸು, ಸುತ್ತಲಿನ ಬದುಕು ಎನ್ನುವ ಅದೇ ಮೂರು ವೃತ್ತಗಳನ್ನು ಬರೆದು ಅಂಕ ತೆಗೆದುಕೊಳ್ಳಬಹುದು. ಎಲ್ಲಿಂದ ಶುರು ಮಾಡಬೇಕು ಅಂತ ಆ ವೃತ್ತಗಳು ಹೇಳುವುದಿಲ್ಲ.

ನಮ್ಮ ವಿಭಾಗಕ್ಕೆ ಪದೇ ಪದೇ ಬರುವ ಒಂದು ರೆಫರಲ್, ಅಂದರೆ ರೋಗಿಯನ್ನು ನಮ್ಮ ಹತ್ತಿರ ಕಳಿಸುವ ಚೀಟಿ, ನೋಡಿ. ‘ನಿದ್ರಾಹೀನತೆ, ತಲೆನೋವು, ಒತ್ತಡ. ರಿಲ್ಯಾಕ್ಸೇಷನ್ ಹೇಳಿಕೊಡಿ.’ ಚೀಟಿಯಲ್ಲಿ ಇಷ್ಟೇ. ಎದುರಿಗೆ ಕೂತವರಿಗೆ ನಾನು ಮೊದಲು ಕೇಳುವುದು ಕೆಲಸದ ಹೊತ್ತು. ಶಿಫ್ಟ್ ವಾರ ವಾರ ಬದಲಾಗುತ್ತದಾ? ಬೆಳಗಿನದು, ಸಂಜೆಯದು, ರಾತ್ರಿಯದು ಅಂತ ಮುಂದಕ್ಕೆ ಹೋಗುತ್ತದಾ, ಇಲ್ಲಾ ಹಿಂದಕ್ಕೆ ಬರುತ್ತದಾ? ಮುಂದಕ್ಕೆ ಸರಿಯುವ ಶಿಫ್ಟಿಗೆ ದೇಹದ ಗಡಿಯಾರ ಸ್ವಲ್ಪ ಸುಲಭವಾಗಿ ಹೊಂದಿಕೊಳ್ಳುತ್ತದೆ. ರಾತ್ರಿ ದುಡಿದು ಬಂದಮೇಲೆ ಹಗಲಲ್ಲಿ ಮಲಗಲು ಜಾಗ ಇದೆಯಾ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಹಾಸಿಗೆ ಹಿಡಿದ ಹಿರಿಯರು ಇದ್ದಾರಾ? ಈ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ‘ಒತ್ತಡ’ ಅನ್ನುವ ಒಂದು ಪದ ಒಡೆದು ನಾಲ್ಕೈದು ಕೆಲಸಗಳಾಗಿರುತ್ತವೆ. ಶಿಫ್ಟ್ ಸ್ಥಿರ ಮಾಡಿ ಎಂದು ವೈದ್ಯರಿಂದ ಒಂದು ಪತ್ರ. ಹಿರಿಯರನ್ನು ದಿನದಲ್ಲಿ ಕೆಲವು ಗಂಟೆ ನೋಡಿಕೊಳ್ಳಲು ಯಾರಾದರೂ. ರಜೆಯ ಹಕ್ಕಿನ ಬಗ್ಗೆ ಮಾಹಿತಿ. ಆಮೇಲೆ ಕತ್ತಲೆ ಕೋಣೆ, ಏಳುವ ಹೊತ್ತು, ಬೆಳಕು. ನಿಧಾನ ಉಸಿರಾಟದ ಸರದಿ ಕೊನೆಗೆ.

ಈ ಕ್ರಮಕ್ಕೆ ನಾನು ಯಾಕೆ ಇಷ್ಟು ಜೋತುಬಿದ್ದಿದ್ದೇನೆ ಅಂದರೆ, ಮೊದಲ ದಿನವೇ ಉಸಿರಾಟ ಹೇಳಿಕೊಟ್ಟು ಕಳಿಸಿದರೆ ಎದುರಿನವರಿಗೆ ತಲುಪುವ ಸಂದೇಶ ಬೇರೆ. ತಪ್ಪು ಇರುವುದು ನಿನ್ನಲ್ಲೇ, ನೀನೇ ಸರಿಮಾಡಿಕೋ ಅಂತ. ಸಮಗ್ರ ಆರೋಗ್ಯದ ಹೆಸರಿನಲ್ಲಿ ನಡೆಯುವ ಎಷ್ಟೋ ಒಳ್ಳೆ ಕೆಲಸ ಇಲ್ಲೇ ಹಾದಿ ತಪ್ಪುತ್ತದೆ ಎಂದು ನನ್ನ ಅಭಿಪ್ರಾಯ. ನೌಕರರನ್ನು ಹಿಂಡಿ ಹಾಕುವ ಸಂಸ್ಥೆಯೇ ಅವರಿಗೆ ಮಧ್ಯಾಹ್ನ ಧ್ಯಾನದ ತರಗತಿ ಇಡಿಸುತ್ತದೆ. ಧ್ಯಾನದ ತಪ್ಪಲ್ಲ ಅದು. ಆದರೂ ಸಿಟ್ಟು ಬರುತ್ತದೆ, ಅಲ್ವಾ?

ಇದು ಹೊಸ ಅರಿವೇನೂ ಅಲ್ಲ. 1905ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಅನ್ನುವ ವೈದ್ಯರು ಸಮಾಜಕಾರ್ಯಕ್ಕೆ ಜನರನ್ನು ನೇಮಿಸಿಕೊಂಡರು. ಔಷಧಿ ಬರೆದುಕೊಟ್ಟರೂ ರೋಗಿ ಮರಳುವುದು ಅದೇ ಮನೆಗೆ, ಅದೇ ಕೆಲಸಕ್ಕೆ ಅನ್ನುವುದು ಅವರ ತಲೆಬಿಸಿ. ಖರ್ಚು ಕೊಡಲು ಆಸ್ಪತ್ರೆ ಒಪ್ಪಲಿಲ್ಲ. ಶುರುವಿನಲ್ಲಿ ಸಂಬಳವನ್ನು ಅವರೇ ಕೈಯಿಂದ ಕೊಟ್ಟರು. ನಮ್ಮ ವೃತ್ತಿಗೆ ‘ಬಜೆಟ್ ಇಲ್ಲ’ ಅನ್ನುವ ಮಾತು ಹುಟ್ಟಿದಂದಿನಿಂದ ಜೊತೆಗಿದೆ.

ಹಾಗಂತ ಸಮಾಜಕಾರ್ಯದವರು ಬರೀ ಅರ್ಜಿ, ದಾಖಲೆ, ಸವಲತ್ತು ಅಂತ ಕೂತರೂ ಕೆಲಸ ಕೆಡುತ್ತದೆ. ಅರ್ಜಿ ತುಂಬಿಸಲು ಬಂದ ವ್ಯಕ್ತಿ ಪೆನ್ನು ಹಿಡಿಯಲಾಗದಷ್ಟು ನಡುಗುತ್ತಿರುತ್ತಾರೆ. ಮೂರನೇ ಪ್ರಶ್ನೆಗೆ ಎದ್ದು ಹೋಗುತ್ತಾರೆ. ಫೈಲಿನಲ್ಲಿ ‘ಸಹಕರಿಸುತ್ತಿಲ್ಲ’ ಅಂತ ಬರೆದುಬಿಡುವುದು ಬಹಳ ಸುಲಭ. ಅವರ ದೇಹ ಹೆದರಿ ಕೂತಿದೆ ಅನ್ನುವುದನ್ನು ನೋಡಲು ನನಗೆ ಕಲಿಸಿದ್ದು ಎರಡನೇ ಓದು. ಎರಡು ನಿಮಿಷ ಅರ್ಜಿ ಬದಿಗಿಟ್ಟು, ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿಸಿದರೆ ಸಾಕು, ಅರ್ಜಿ ಮುಗಿಯುವುದು ಉಂಟು. ಇಲ್ಲಿ ಕ್ರಮ ತಿರುಗುಮುರುಗಾಯಿತು ನೋಡಿ: ದೇಹ ಮೊದಲು, ಕಾಗದ ಆಮೇಲೆ.

ಉಸಿರಾಟದ ಅಭ್ಯಾಸಕ್ಕೆ ಕಣ್ಣು ಮುಚ್ಚಿಸುವ ವಿಚಾರದಲ್ಲಿ ಮಾತ್ರ ನಾನು ತುಂಬಾ ಹುಷಾರು. ಬಾಲ್ಯದ ಕಹಿ ಅನುಭವಗಳ ಬಗ್ಗೆ 1998ರಲ್ಲಿ ಫೆಲಿಟಿ, ಆಂಡಾ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಅಧ್ಯಯನವನ್ನು ಎರಡೂ ಕೋರ್ಸಿನಲ್ಲಿ ಓದಿದ್ದೆ. ಅಂಥ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಗಳ ಸಾಧ್ಯತೆಯೂ ಹೆಚ್ಚು ಎಂದು ಅದು ತೋರಿಸಿತು. ಅಂದರೆ ಆಸ್ಪತ್ರೆಯ ಗುಂಪಿನಲ್ಲಿ ಹಿಂಸೆ ಕಂಡು ಬೆಳೆದವರು ಇದ್ದೇ ಇರುತ್ತಾರೆ ಅಂದುಕೊಂಡೇ ಶುರು ಮಾಡಬೇಕು. ಅವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿ ಉಸಿರು ಗಮನಿಸುವುದೇ ಭಯ ಎಬ್ಬಿಸುತ್ತದೆ. ‘ಕಣ್ಣು ಮುಚ್ಚಿದ್ರೆ ಎದೆ ಹೊಡ್ಕೊಳ್ಳುತ್ತೆ ಮೇಡಂ’ ಅಂತ ಎಲ್ಲರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಸುಮ್ನೆ ಮುಂದಿನ ವಾರದಿಂದ ಬರುವುದನ್ನು ಬಿಟ್ಟುಬಿಡುತ್ತಾರೆ. ಅದಕ್ಕೇ ನಾನು ಕಣ್ಣು ತೆರೆದೇ ಶುರು ಮಾಡುತ್ತೇನೆ. ಬೇಕಾದರೆ ಗೋಡೆ ನೋಡಿ, ಬೇಕಾದರೆ ಶಬ್ದ ಕೇಳಿ, ಸಾಕು ಅನ್ನಿಸಿದರೆ ಎದ್ದು ಹೋಗಿ. ಕುರ್ಚಿಗಳನ್ನೂ ಬಾಗಿಲು ಕಾಣುವ ಹಾಗೆ ಹಾಕಿಸುತ್ತೇನೆ.

ಇನ್ನೊಂದು ವಿಷಯ ಗಿಡಮೂಲಿಕೆ, ಪೂರಕ ಮಾತ್ರೆಗಳದ್ದು. ವೈದ್ಯರಿಗೆ ಹೇಳದ್ದನ್ನು ಜನ ನಮಗೆ ಹೇಳುತ್ತಾರೆ. ಬೈಸಿಕೊಳ್ಳುವ ಭಯ ನಮ್ಮ ಹತ್ತಿರ ಕಡಿಮೆ. ಆದ್ದರಿಂದ ‘ಔಷಧಿ ಬಿಟ್ಟು ಬೇರೆ ಏನಾದರೂ ತಗೊಳ್ತಿದ್ದೀರಾ?’ ಅನ್ನುವುದನ್ನು ಮುಖ ಸಿಂಡರಿಸದೆ ಕೇಳುವುದೇ ಒಂದು ಕೌಶಲ. ಬೇಸರ, ಖಿನ್ನತೆಗೆ ಅಂತ ಕೆಲವರು ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಮೂಲಿಕೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೊರಿನ್ ಇವುಗಳ ಪರಿಣಾಮವನ್ನು ತಗ್ಗಿಸುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕ ಅಪಾಯದ ಮಟ್ಟಕ್ಕೆ ಏರಬಹುದು. ಇದು ಗೊತ್ತಿದ್ದರೂ ‘ನಿಲ್ಲಿಸಿ’ ಅಂತ ಹೇಳುವ ಅಧಿಕಾರ ನನಗಿಲ್ಲ. ಹೆಸರು ಬರೆದುಕೊಳ್ಳುತ್ತೇನೆ, ಅವರ ಒಪ್ಪಿಗೆ ಪಡೆದು ಅವತ್ತೇ ವೈದ್ಯರಿಗೋ ಫಾರ್ಮಸಿಸ್ಟಿಗೋ ತಿಳಿಸುತ್ತೇನೆ.

ಅಧಿಕಾರದ ಗೆರೆ ಈ ಜೋಡಿ ಓದಿನ ಅತಿ ಕಿರಿಕಿರಿಯ ಭಾಗ. ಒಂದು ತರಗತಿಯಲ್ಲಿ ಸ್ಪರ್ಶ ಚಿಕಿತ್ಸೆಯ ಬಗ್ಗೆ ಓದುತ್ತೀರಿ. ಇನ್ನೊಂದರಲ್ಲಿ ಕ್ಲೈಂಟನ್ನು ಮುಟ್ಟುವ ಮೊದಲು ಹತ್ತು ಸಲ ಯೋಚಿಸಿ ಅನ್ನುತ್ತಾರೆ. ಕೆಲಸದ ಹೊತ್ತಿನಲ್ಲಿ ನಾನು ಎರಡನೆಯದನ್ನೇ ಪಾಲಿಸುತ್ತೇನೆ. ಆಸ್ಪತ್ರೆಯಲ್ಲಿ ಪರಿಚಯವಾದವರನ್ನು ಹೊರಗೆ ಖಾಸಗಿ ತರಗತಿಗೆ ಕರೆಯುವುದಂತೂ ಇಲ್ಲವೇ ಇಲ್ಲ. ಕೇಸ್ ನೋಟ್ ಬರೆಯುವಾಗಲೂ ‘ಶಕ್ತಿಯ ಸಮತೋಲನ’ದಂಥ ಮಾತು ಬೇಡ. ‘ಕಣ್ಣು ತೆರೆದು ಐದು ನಿಮಿಷ ನಿಧಾನ ಉಸಿರಾಟ. ಆತಂಕ ಮೊದಲು ಹತ್ತಕ್ಕೆ ಎಂಟು, ನಂತರ ಹತ್ತಕ್ಕೆ ಐದು ಎಂದರು.’ ಹೀಗೆ ಬರೆದರೆ ನರ್ಸ್‌ಗೂ ವೈದ್ಯರಿಗೂ ಓದಿ ಅರ್ಥವಾಗುತ್ತದೆ. ಮುಂದಿನ ರೆಫರಲ್ ಕಳಿಸಲು ಅವರಿಗೆ ಧೈರ್ಯವೂ ಬರುತ್ತದೆ.

ಈ ಎಲ್ಲ ಗೆರೆಗಳ ನಡುವೆಯೂ ಓಡಾಡಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, 1957ರಲ್ಲಿ ವೈದ್ಯೆ. 1967ರಲ್ಲಿ ಲಂಡನ್ನಿನಲ್ಲಿ ಸಾವಿನ ಹತ್ತಿರ ಇರುವವರನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಅಂಥವರ ನೋವಿನಲ್ಲಿ ದೇಹದ್ದು, ಮನಸ್ಸಿನದ್ದು, ಸಂಸಾರದ್ದು, ಆತ್ಮದ್ದು ಎಲ್ಲ ಕಲೆತಿರುತ್ತದೆ ಅಂತ ಹೇಳಿ ಅದಕ್ಕೆ ‘ಟೋಟಲ್ ಪೇನ್’ ಅಂತ ಹೆಸರಿಟ್ಟರು. ಅದರ ಜೊತೆಗೇ ಮಾರ್ಫಿನ್ ಅನ್ನು ಹೊತ್ತು ಹೊತ್ತಿಗೆ ಸರಿಯಾಗಿ ಕೊಡಬೇಕು ಅಂತಲೂ ಪಟ್ಟು ಹಿಡಿದರು. ನನಗೆ ಇಷ್ಟವಾಗುವುದು ಈ ಪಟ್ಟು. ಆತ್ಮದ ನೋವಿನ ಬಗ್ಗೆ ಮಾತಾಡುವ ಕೆಲವರು ಡೋಸ್ ವಿಷಯ ಬಂದಾಗ ಉದಾಸೀನ ಮಾಡುತ್ತಾರೆ. ಸಾಂಡರ್ಸ್ ಹಾಗೆ ಮಾಡಲಿಲ್ಲ.

ಸೇರುವವರಿಗೆ ಒಂದೆರಡು ವ್ಯವಹಾರದ ಮಾತು. ಎರಡು ಪದವಿ ಒಟ್ಟಿಗೆ ಕೊಡುವ ಕಡೆ ಕೆಲವು ಪೇಪರುಗಳು ಎರಡಕ್ಕೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಸಮಯ ಉಳಿಯುತ್ತದೆ. ಫೀಲ್ಡ್‌ವರ್ಕ್‌ನಲ್ಲಿ (ಆಸ್ಪತ್ರೆ, ಸಂಸ್ಥೆಗಳಲ್ಲಿ ಮಾಡುವ ಪ್ರಾಯೋಗಿಕ ಕೆಲಸ) ಮಾತ್ರ ರಿಯಾಯಿತಿ ನಿರೀಕ್ಷಿಸಬೇಡಿ. ಉದಾಹರಣೆಗೆ, ಅಮೆರಿಕದಲ್ಲಿ ಮಾನ್ಯತೆ ಪಡೆದ ಎಂಎಸ್‌ಡಬ್ಲ್ಯೂಗೆ ಕನಿಷ್ಠ 900 ಗಂಟೆ ಫೀಲ್ಡ್‌ವರ್ಕ್ ಬೇಕು. ಆ ಗಂಟೆಗಳನ್ನು ಕ್ಯಾನ್ಸರ್ ವಿಭಾಗದಲ್ಲೋ, ನೋವು ಚಿಕಿತ್ಸೆಯಲ್ಲೋ, ವ್ಯಸನಮುಕ್ತಿ ಕೇಂದ್ರದಲ್ಲೋ ಹಾಕಿಸಿಕೊಳ್ಳಿ. ಎರಡೂ ಓದು ಒಂದೇ ದಿನ ಬಳಕೆಗೆ ಬರುವ ಜಾಗಗಳು ಅವು. ಜಾಗ ಒಪ್ಪಿಕೊಳ್ಳುವ ಮೊದಲು ಸೂಪರ್‌ವೈಸರ್ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ರೋಗಿಯ ಜೊತೆ ಉಸಿರಾಟದ ಅಭ್ಯಾಸ ಮಾಡಿಸಲು ನನಗೆ ಅನುಮತಿ ಇದೆಯಾ, ಅದನ್ನು ನೋಟಿನಲ್ಲಿ ಯಾವ ಹೆಸರಿನಲ್ಲಿ ಬರೆಯಬೇಕು, ಏನಾದರೂ ಎಡವಟ್ಟಾದರೆ ಜವಾಬ್ದಾರಿ ಯಾರದ್ದು ಅಂತ ಕೇಳಿ. ‘ಅದೆಲ್ಲ ಆಮೇಲೆ ನೋಡೋಣ ಬಿಡಿ’ ಅಂದರೆ ಬೇರೆ ಜಾಗ ಹುಡುಕಿಕೊಳ್ಳುವುದು ವಾಸಿ.